62 ಗಿಡಗಳ ಸಂಸಾರ

ಟಾಂಜಾನಿಯಾದ ಟಾಂಗಾ ಸೀಮೆಯ ಸೀಸಲ್ ತೋಟದ ಚಿತ್ರ ತೋರಿಸಿದರೆ ನಮ್ಮ ಕಡೆಯವರು ಯಾರೇ ಆಗಲಿ, ‘ಅಯ್ಯೋ, ಇದು ನಮ್ಮ ಕತ್ತಾಳೆ ಅಲ್ವೇನ್ರೀ’ ಅಂದುಬಿಡುತ್ತಾರೆ. ಅನ್ನಲಿ ಬಿಡಿ, ಎರಡೂ ಒಂದೇ ಕುಲದವು. ನಮ್ಮಲ್ಲಿ ಅದು ಹೊಲದ ಬದುವಿನಲ್ಲೋ ರೈಲುಹಳಿಯ ಪಕ್ಕದಲ್ಲೋ ಬೇಲಿಯಾಗಿ ನಿಂತು ದನಕರುಗಳನ್ನು ಚುಚ್ಚುತ್ತದೆ. ಯಾರಿಗಾದರೂ ಪುರುಸೊತ್ತಿದ್ದು ನಾರು ತೆಗೆದರೆ ಕಣ್ಣಿಗೋ ಮೂಗುದಾರಕ್ಕೋ ಆಗುತ್ತದೆ. ಅಲ್ಲಿ ಮಾತ್ರ ಒಂದು ಕಾಲಕ್ಕೆ ಇಡೀ ದೇಶದ ಖಜಾನೆಯೇ ಅದರ ಮೇಲೆ ಕೂತಿತ್ತು. ಮುಳ್ಳಿನ ಮೇಲೆ ಖಜಾನೆ ಕೂರಿಸಿದರೆ ಏನಾಗಬೇಕೋ ಅದೇ ಆಯಿತು ಅನ್ನಿ.

ಹಾಗೆ ನೋಡಿದರೆ ಸೀಸಲ್ ಆಫ್ರಿಕಾದ್ದೇ ಅಲ್ಲ. ಅದರ ತವರು ಮೆಕ್ಸಿಕೋ. ಅಲ್ಲಿನ ಒಂದು ಬಂದರಿನ ಹೆಸರೇ ಗಿಡಕ್ಕೂ ಅಂಟಿಕೊಂಡಿದೆ. 1893ರಲ್ಲಿ, ಟಾಂಗಾ ಸೀಮೆ ಜರ್ಮನರ ಕೈಯಲ್ಲಿದ್ದಾಗ, ರಿಚರ್ಡ್ ಹಿಂಡಾರ್ಫ್ ಎಂಬ ಕೃಷಿ ಪಂಡಿತ ಫ್ಲಾರಿಡಾದಿಂದ 1,000 ಮರಿಸಸಿ ತರಿಸಿದ. ಒಣಹುಲ್ಲು ತುಂಬಿದ ಸತ್ತ ಮೊಸಳೆಯ ಹೊಟ್ಟೆಯಲ್ಲಿ ಅಡಗಿಸಿ ಕದ್ದು ಸಾಗಿಸಿದರು ಎಂಬ ಕತೆಯೂ ಇದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗಂತೂ ಮೊಸಳೆಯನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಹ್ಯಾಂಬರ್ಗ್ ಸುತ್ತಿ ಟಾಂಗಾ ಮುಟ್ಟುವಾಗ ಜೀವ ಉಳಿಸಿಕೊಂಡಿದ್ದವು ಬರೀ 62. ಆದರೆ ಈ ಗಿಡದ ಸಂಸಾರ ಬೆಳೆಯುವ ಬಗೆಯೇ ಬೇರೆ. ಬದುಕಿನಲ್ಲಿ ಒಂದೇ ಸಲ, ನಡುವಿನಿಂದ ಆರು ಮೀಟರ್ ಎತ್ತರದವರೆಗೂ ಹೂಗಂಬ ಎದ್ದು, ಅದರ ರೆಂಬೆಗಳಲ್ಲಿ ಪುಟ್ಟ ಪುಟ್ಟ ಮರಿಗಳೇ ಮೂಡಿ ನೆಲಕ್ಕುದುರುತ್ತವೆ. ತಾಯಿ ಅಲ್ಲಿಗೆ ಮುಗಿಯಿತು. 1898ರ ಹೊತ್ತಿಗೆ ಆ 62ರ ವಂಶ 63,000 ಆಗಿತ್ತು.

ಟಾಂಗಾ ಅಂದಮೇಲೆ ಜೇನಿನ ಕತೆ ಹೇಳದೆ ಮುಂದೆ ಹೋಗಲಾರೆ. ಮೊದಲ ಮಹಾಯುದ್ಧ ಶುರುವಾಗಿತ್ತು; 1914ರ ನವೆಂಬರಿನಲ್ಲಿ ಬ್ರಿಟಿಷರು ಈ ಬಂದರನ್ನು ಹಿಡಿಯಲು ಇಂಡಿಯಾದಿಂದ ಸುಮಾರು 8,000 ಜನರ ಪಡೆ ಕಳಿಸಿದರು. ಅದರಲ್ಲಿ ಒಂದು ತುಕಡಿಯ ಹೆಸರು ಬೆಂಗಳೂರು ಬ್ರಿಗೇಡ್. ಎದುರಿಗಿದ್ದವರು ಹೆಚ್ಚೆಂದರೆ ಸಾವಿರ. ತೋಟಗಳ ನಡುವೆ ಗುಂಡು ಹಾರಾಡುವಾಗ ಜೇನುಗೂಡುಗಳು ಕದಡಿ, ನೊಣಗಳು ಎರಡೂ ಕಡೆಯವರನ್ನು ಪಕ್ಷಪಾತವಿಲ್ಲದೆ ಅಟ್ಟಾಡಿಸಿದವು. ಕೊನೆಗೆ ಬಂದೂಕು, ಮದ್ದುಗುಂಡು ಎಲ್ಲ ದಡದಲ್ಲೇ ಬಿಟ್ಟು ಹಡಗು ಹತ್ತಿದ್ದು ನಮ್ಮ ಕಡೆಯಿಂದ ಹೋದ ಪಡೆ. ಆದರೇನು, ಯುದ್ಧ ಮುಗಿದ ಮೇಲೆ ನೆಲ ಬ್ರಿಟಿಷರಿಗೇ ಸಿಕ್ಕಿತು. ಜರ್ಮನರ ತೋಟಗಳು ಶತ್ರುಗಳ ಆಸ್ತಿ ಎಂದು ಹರಾಜಾಗಿ ಇಂಗ್ಲಿಷರು, ಗ್ರೀಕರು, ಭಾರತೀಯರು ಕೊಂಡರು. ಕಚ್ಛದ ಮಾಂಡ್ವಿಯಿಂದ ಜಾಂಜಿಬಾರಿಗೆ ವ್ಯಾಪಾರಕ್ಕೆ ಹೋದ ಕರೀಮ್‌ಜಿ ಮನೆತನ ಮುಂದೆ ಸೀಸಲ್ ಬೆಳೆಯುವ ದೊಡ್ಡ ಕುಳಗಳಲ್ಲಿ ಒಂದಾಯಿತು.

ತೋಟದ ಕೆಲಸ ಹೇಗಿತ್ತು ಅಂತೀರಾ? ಎಲೆಯೊಂದು ಆಳುದ್ದ, ತುದಿಗೆ ದಬ್ಬಳದಂಥ ಮುಳ್ಳು, ಕೊಯ್ದರೆ ಸೋರುವ ರಸಕ್ಕೆ ಮೈಯೆಲ್ಲ ತುರಿಕೆ. ಬುಡಕ್ಕೆ ಬಗ್ಗಿ ಕತ್ತರಿಸಿ, ಮುಳ್ಳು ಸವರಿ, 30 ಎಲೆಗೊಂದು ಕಟ್ಟು ಕಟ್ಟಬೇಕು. ಕಟ್ಟುಗಳು ಕೊರೊನಾಕ್ಕೆ ಹೋಗುತ್ತವೆ. ಗಾಬರಿಯಾಗಬೇಡಿ, ಇದು ಆ ರೋಗಕ್ಕಿಂತ ಬಹಳ ಹಳೆಯದಾದ ಜರ್ಮನ್ ನಾರುಯಂತ್ರ. ಗರಗರ ತಿರುಗುವ ಚಕ್ರದ ಮೊಂಡು ಅಲಗುಗಳು ಎಲೆಯ ತಿರುಳನ್ನು ಜಜ್ಜಿ ಕೆರೆದುಹಾಕುತ್ತವೆ, ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ, ಈಚೆ ಕಡೆ ಹಸಿರು ಬಿಳುಪಿನ ನಾರು ಜೋತು ಬೀಳುತ್ತದೆ. ತಂತಿಯ ಮೇಲೆ ಬಿಸಿಲಿಗೆ ಹರವಿ ಒಣಗಿಸಿ, ಬ್ರಷ್ ಮಾಡಿ, 250 ಕಿಲೋದ ಬೇಲ್‌ಗಳಾಗಿ ಒತ್ತಿದರೆ ಹಡಗಿಗೆ ಸಿದ್ಧ. ಆಸುಪಾಸಿನವರು ಈ ದುಡಿಮೆಗೆ ಸುಲಭವಾಗಿ ಬಗ್ಗಲಿಲ್ಲ. ರುವಾಂಡಾ, ಬುರುಂಡಿ, ಮೊಜಾಂಬಿಕ್‌ನಷ್ಟು ದೂರದಿಂದ ಆಳುಗಳನ್ನು ತಂದು ಕೈಗೆ ಒಂದು ನಂಬರ್ ಕೊಟ್ಟರು. ಊರವರ ಬಾಯಲ್ಲಿ ಅವರು ‘ಮನಾಂಬಾ’ ಆದರು. ಕಿಪಾಂಡೆ ಎಂಬ ಚೀಟಿಯಲ್ಲಿ 30 ದಿನದ ಕೆಲಸ ತುಂಬಿದ ಮೇಲೆಯೇ ತಿಂಗಳ ಸಂಬಳ. ಆ 30 ದಿನ ತುಂಬಲು ಎಷ್ಟು ದಿನ ಹಿಡಿಯಿತು ಎಂಬುದು ಆಳಿನ ತಲೆನೋವು.

ಇಷ್ಟೆಲ್ಲ ಯಾತಕ್ಕೆ? ಅಮೆರಿಕ, ಯೂರೋಪಿನ ರೈತ ಹುಲ್ಲು ಕಟ್ಟುವುದಕ್ಕೆ! ಹಡಗಿನ ಹಗ್ಗ, ಗೋಣಿಚೀಲ, ಚಾಪೆಗೂ ಹೋಗುತ್ತಿತ್ತು, ನಿಜ. ಆದರೆ ದೊಡ್ಡ ಗಿರಾಕಿ ಎಂದರೆ ಪೈರು ಕೊಯ್ದು ತಾನೇ ಕಂತೆ ಕಟ್ಟುವ ಯಂತ್ರ. ಅದಕ್ಕೆ ಗಟ್ಟಿ ಹುರಿ ಬೇಕು, ಹೊಲದಲ್ಲಿ ಬಿದ್ದರೆ ಕೊಳೆಯಬೇಕು, ಹಸುವಿನ ಬಾಯಿಗೆ ಹೋದರೂ ಅಪಾಯ ಆಗಬಾರದು. ಸೀಸಲ್‌ಗೆ ಈ ಮೂರೂ ಗುಣ ಇದ್ದವು. ಕಾಳು ಬಿಡಿಸಿಯೇ ಕೊಡುವ ಹೊಸ ಯಂತ್ರ ಬಂದು ಕಂತೆಯ ಕಾಲ ಮುಗಿದರೂ, ಒಣಹುಲ್ಲನ್ನು ಒತ್ತಿ ಕಟ್ಟುವ ಬೇಲರ್ ಯಂತ್ರ ಕೈ ಹಿಡಿಯಿತು. 1964ರಲ್ಲಿ ದೇಶದ ಬೆಳೆ 2 ಲಕ್ಷ 30 ಸಾವಿರ ಟನ್ನಿನ ಸುತ್ತಮುತ್ತ, ಜಗತ್ತಿಗೇ ಮೊದಲು. ಆಮೇಲೆ ಪ್ಲಾಸ್ಟಿಕ್ ಹುರಿ ಬಂತು. ಬೆಲೆ ಬಿತ್ತು. ಸಮಾಜವಾದದ ಹಾದಿ ಹಿಡಿಯುವುದಾಗಿ ಸಾರಿದ 1967ರ ಅರುಷಾ ಘೋಷಣೆಯ ಬೆನ್ನಿಗೆ ಅಧ್ಯಕ್ಷ ನ್ಯೆರೆರೆಯ ಸರ್ಕಾರ ಹೆಚ್ಚಿನ ತೋಟಗಳನ್ನು ವಹಿಸಿಕೊಂಡಿತು. 1990ರ ದಶಕದ ಕೊನೆಗೆ ಬೆಳೆ 20 ಸಾವಿರ ಟನ್ನಿನ ಆಸುಪಾಸಿಗೆ ಇಳಿದಿತ್ತು.

ಎಲ್ಲಕ್ಕೂ ನ್ಯೆರೆರೆಯೇ ಕಾರಣ ಎಂದು ವಾದಿಸುವವರಿದ್ದಾರೆ. ಸರ್ಕಾರಿ ಆಡಳಿತ ತೋಟಗಳನ್ನು ಹಾಳುಗೆಡವಿದ್ದು ಸುಳ್ಳಲ್ಲ. ಆದರೆ ಮಾಲೀಕ ಯಾರೇ ಆಗಿದ್ದರೂ ಅಮೆರಿಕದ ಅಯೋವಾದ ರೈತ ಅಗ್ಗದ ಪ್ಲಾಸ್ಟಿಕ್ ಹುರಿ ಬಿಟ್ಟು ಇವರದನ್ನೇ ಕೊಳ್ಳುತ್ತಿದ್ದನೇ? ನನಗೆ ನಂಬಿಕೆಯಿಲ್ಲ. ಬೇರೆಯವರ ಹುಲ್ಲಿನ ಗಂಟಿಗೆ ದೇಶದ ಬದುಕನ್ನೇ ಕಟ್ಟಿದ್ದರಲ್ಲ, ಎಡವಟ್ಟಾದದ್ದು ಅಲ್ಲಿ. ಅದು ನ್ಯೆರೆರೆಗಿಂತ ಹಿಂದಿನ ಗಂಟು.

ಈಗಿನ ಗಿರಾಕಿಗಳನ್ನು ಕೇಳಿದರೆ ನಗು ಬರುತ್ತದೆ. ಇಂಗ್ಲೆಂಡಿನ ಪಬ್ಬುಗಳಲ್ಲಿ ಮೊಳೆಬಾಣ ಎಸೆಯುವ ಡಾರ್ಟ್ಸ್ ಹಲಗೆ ಇದೆಯಲ್ಲ, ಅದು ಒತ್ತೊತ್ತಾಗಿ ನಿಲ್ಲಿಸಿದ ಸೀಸಲ್ ನಾರು. ಬಾಣ ನಾರುಗಳ ಸಂದಿಯಲ್ಲಿ ತೂರುತ್ತದೆ, ಕಿತ್ತರೆ ಸಂದಿ ಮತ್ತೆ ಕೂಡಿಕೊಳ್ಳುತ್ತದೆ. ಬೆಕ್ಕುಗಳು ಸೋಫಾ ಬಿಟ್ಟು ಪರಚಲಿ ಎಂದು ಶ್ರೀಮಂತರು ಮನೆಯಲ್ಲಿ ನಿಲ್ಲಿಸುವ ಕಂಬಕ್ಕೂ ಇದೇ ಹುರಿ ಸುತ್ತುತ್ತಾರೆ. ಜಿಪ್ಸಮ್ ಗಾರೆ ಬಿರುಕು ಬಿಡದಂತೆ ಬೆರೆಸಲೂ ಇದೇ ನಾರು.

ಇಷ್ಟು ದಿನ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಇನ್ನೊಂದು ಬಾಬ್ತು ಇದೆ. ಎಲೆಯ ತೂಕದಲ್ಲಿ ನಾರು ಸಿಗುವುದು ನೂರಕ್ಕೆ ನಾಲ್ಕು ಪಾಲು. ಉಳಿದ ತೊಂಬತ್ತಾರು ಪಾಲು ಹಸಿರು ರೊಚ್ಚಾಗಿ ಹರಿದು ಗಬ್ಬು ನಾರುತ್ತಿತ್ತು. ಕಳೆದ ದಶಕಗಳಲ್ಲಿ ಟಾಂಗಾ ಸೀಮೆಯ ಹಾಲೆ ತೋಟದಲ್ಲಿ ಅದೇ ರೊಚ್ಚನ್ನು ಟ್ಯಾಂಕಿಗೆ ತುಂಬಿ, ಹುದುಗಿಸಿ, ಅನಿಲ ತೆಗೆದು ಕರೆಂಟು ಮಾಡುವ ಸ್ಥಾವರ ಕಟ್ಟಿದರು. ನಮ್ಮ ಗೋಬರ್ ಗ್ಯಾಸಿನವರು ನೋಡಿದರೆ, ಇದಕ್ಕೆ ನೂರು ವರ್ಷ ಯಾಕೆ ಬೇಕಾಯಿತು ಎಂದು ಕೇಳಿಯಾರು. ಸುತ್ತಲಿನ ಹಳ್ಳಿಯವರು ಅಷ್ಟು ಕಾಯಲಿಲ್ಲ: ಹೂ ಬಿಟ್ಟ ಗಿಡ ಮುಗಿಯಿತೆಂದು ತೋಟದವರು ಕೈಬಿಟ್ಟ ಮೇಲೆ, ಆ ಒಣಗಂಬ ಕಡಿದು ತಂದು ಗುಡಿಸಲಿಗೆ ಜಂತಿ, ಮೇಕೆ ದೊಡ್ಡಿಗೆ ಬೇಲಿ ಮಾಡಿಕೊಂಡರು.