ಎರಡು ನಾಲಿಗೆಯ ಆ ಸೋಮವಾರ

2016ರ ಜನವರಿ 4, ಸೋಮವಾರ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಹಾಗೇ ನಿಲ್ಲಿಸಿಕೊಂಡು ಹತ್ತು ನಿಮಿಷ ಮಾತಾಡಿದೆ. ಉಗ್ರರ ದಾಳಿಗೆ ಗುರಿಯಾಗಿದ್ದ ಪಠಾಣ್‌ಕೋಟ್ ವಾಯುನೆಲೆಯಲ್ಲಿ ಹಿಂದಿನ ದಿನ ಪ್ರಾಣ ಬಿಟ್ಟ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ ಅವರ ಬಗ್ಗೆ. ಆಗ ನಾನು ನಂಜನಗೂಡಿನ ಮನೆಯಿಂದ ದಿನಾ ಬಸ್ಸಿನಲ್ಲಿ ಟಿ. ನರಸೀಪುರದ ಕಡೆಗೆ ಪಾಠ ಹೇಳಲು ಹೋಗುತ್ತಿದ್ದೆ. ಭಾಷಣವನ್ನು ಬಸ್ಸಿನಲ್ಲೇ ಡೈರಿಯ ಹಾಳೆಯೊಂದರಲ್ಲಿ ಗೀಚಿಕೊಂಡಿದ್ದೆ. ವೀರಪುತ್ರ, ಅಮರ, ಕನ್ನಡಾಂಬೆಯ ಹೆಮ್ಮೆ ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಮಕ್ಕಳು ಎರಡು ನಿಮಿಷ ಮೌನ ನಿಂತರು. ನನಗೆ ತೃಪ್ತಿಯಾಯಿತು.

ಅರ್ಧ ಗಂಟೆ ಕಳೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ, ಹಿಂದಿನ ರಾತ್ರಿ ಟಿವಿಯಲ್ಲಿ ಕೇಳಿದ್ದನ್ನೇ ನನ್ನ ಸ್ವಂತ ಜ್ಞಾನವೆಂಬಂತೆ ಹೇಳಿದೆ: “ಎಷ್ಟೇ ಆದರೂ ಅವರು ಸ್ವಲ್ಪ ಎಚ್ಚರ ವಹಿಸಬೇಕಿತ್ತು. ಸತ್ತ ಉಗ್ರನ ಮೈಮೇಲೆ ಗ್ರೆನೇಡ್ ಇರುತ್ತೆ ಅಂತ ಗೊತ್ತಿಲ್ಲವಾ? ಬಾಂಬ್ ಸೂಟು ಹಾಕ್ಕೊಂಡೇ ಹೋಗಬೇಕಿತ್ತಪ್ಪ.” ಇಬ್ಬರು ಮೂವರು ತಲೆಯಾಡಿಸಿದರು.

ನಮ್ಮ ಅಟೆಂಡರ್ ಸೇನೆಯಲ್ಲಿ ದುಡಿದು ಬಂದವರು. ಯಾವತ್ತೂ ಆ ದಿನಗಳ ಮಾತೆತ್ತಿದವರಲ್ಲ. ಖಾಲಿ ಲೋಟಗಳನ್ನು ತಟ್ಟೆಗೆ ಇಟ್ಟುಕೊಳ್ಳುತ್ತಾ, ನನ್ನ ಮುಖ ನೋಡದೆ ಒಂದೇ ಮಾತು ಅಂದರು: “ಆ ಹೆಣನ ಯಾರಾರ ಒಬ್ರು ಎತ್ತಲೇಬೇಕಿತ್ತಲ್ವಾ ಸಾ.”

ತಟ್ಟೆ ಎತ್ತಿಕೊಂಡು ಹೊರಟುಹೋದರು. ನಾನು ಉತ್ತರ ಕೊಡಲಿಲ್ಲ.

ನನ್ನ ಭಾಷಣದಲ್ಲಿ ನಿರಂಜನ್ ಅವರ ಕೆಲಸ ಏನು ಎಂಬುದೇ ಇರಲಿಲ್ಲ ಎಂದು ಆ ಸಂಜೆ ಬಸ್ಸಿನಲ್ಲಿ ಹೊಳೆಯಿತು. ಆಮೇಲೆ ನಿಧಾನಕ್ಕೆ ತಿಳಿದುಕೊಂಡೆ. ಮೂಲ ಊರು ಕೇರಳದ ಪಾಲಕ್ಕಾಡು ಜಿಲ್ಲೆಯ ಎಳಂಬುಲಶ್ಶೇರಿ, ಬೆಳೆದದ್ದು ಬೆಂಗಳೂರಿನಲ್ಲಿ. ಸೇರಿದ್ದು ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಹಲಸೂರು ಕೆರೆಯ ಪಕ್ಕದಲ್ಲೇ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್. ಅಲ್ಲಿಂದ ರಾಷ್ಟ್ರೀಯ ಭದ್ರತಾ ದಳದ ಬಾಂಬ್ ನಿಷ್ಕ್ರಿಯ ವಿಭಾಗಕ್ಕೆ. ಜನವರಿ 2ರ ನಸುಕಿನಲ್ಲಿ ದಾಳಿ ಶುರುವಾಯಿತು. ಅದರಲ್ಲಿ ಒಟ್ಟು ಏಳು ಮಂದಿ ಯೋಧರು ಹೋದರು. 3ನೇ ತಾರೀಖು, ಹತನಾದ ಉಗ್ರನೊಬ್ಬನ ದೇಹವನ್ನು ಪರಿಶೀಲಿಸುತ್ತಿದ್ದಾಗ ಗ್ರೆನೇಡ್ ಸಿಡಿಯಿತು. ನಾನು ಮೈಕಿನ ಮುಂದೆ ನಿಂತಿದ್ದ ಅದೇ ಸೋಮವಾರ ಅವರ ಪಾರ್ಥಿವ ಶರೀರವನ್ನು ಜಾಲಹಳ್ಳಿಯ ಬಿಇಎಲ್ ಮೈದಾನದಲ್ಲಿ ಇರಿಸಿದ್ದರು. ಸಾವಿರಾರು ಜನ ಸಾಲುಗಟ್ಟಿ ನಿಂತಿದ್ದರು. ಮರುದಿನ ಎಳಂಬುಲಶ್ಶೇರಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಮಗಳು ಇನ್ನೂ ಮಾತು ಕಲಿಯುವ ವಯಸ್ಸಿನ ಕೂಸು. ಮರಣೋತ್ತರವಾಗಿ ಶೌರ್ಯಚಕ್ರ ಬಂತು.

ಗ್ರೆನೇಡ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಆಗಲೇ ಓದಿದ್ದು. ವಿಜ್ಞಾನದ ಮೇಷ್ಟ್ರು ನಾನು, ಅದಕ್ಕೂ ಮೊದಲು ಓದಿರಲಿಲ್ಲ. ಪಿನ್ನು ಕಿತ್ತರೂ ಅದರ ಸನ್ನೆಯನ್ನು ಅದುಮಿ ಹಿಡಿದಿರುವ ತನಕ ಅದು ಸಿಡಿಯುವುದಿಲ್ಲ. ಹಿಡಿತ ಸಡಿಲವಾದರೆ ಸ್ಪ್ರಿಂಗು ಸನ್ನೆಯನ್ನು ಹಾರಿಸುತ್ತದೆ, ನಾಲ್ಕೈದು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಒಂದು ದೇಹದ ಭಾರವೇ ಆ ಸನ್ನೆಯನ್ನು ಅದುಮಿ ಹಿಡಿದಿರಬಹುದು. ಮಗ್ಗುಲು ತಿರುಗಿಸುವ ತನಕ ಏನೂ ಕಾಣುವುದಿಲ್ಲ. ಇನ್ನು ನಾನು ಅಷ್ಟು ಸುಲಭವಾಗಿ ಹೇಳಿದ ಆ ಸೂಟು ಮೂವತ್ತು ಕಿಲೋ ಮೀರಿ ತೂಗುತ್ತದೆ. ಹತ್ತಿರದಲ್ಲೇ ದೊಡ್ಡದು ಸಿಡಿದರೆ ಅದೂ ಉಳಿಸುವ ಭರವಸೆ ಇಲ್ಲ. ಸಾಮಾನ್ಯವಾಗಿ ಅದರಲ್ಲಿ ಕೈಗಳಿಗೆ ಮಾತ್ರ ಹೊದಿಕೆ ಇರುವುದಿಲ್ಲ. ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ ಕೆಲಸವೇ ಸಾಗದು. ಮೈಯೆಲ್ಲ ಮುಚ್ಚಿಕೊಂಡವನೂ ಕೊನೆಗೆ ಮುಟ್ಟುವುದು ಬರಿಗೈಯಲ್ಲೇ.

ಇಷ್ಟು ತಿಳಿದ ಮೇಲೆ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಎಲ್ಲಿಂದ?

ಹುಡುಕುತ್ತಾ ಹೋದರೆ ಅದು ಹಳೆಯ ಚಾಳಿ. ಬಹಳ ವರ್ಷಗಳ ಹಿಂದೆ ನಮ್ಮ ಬೀದಿಯ ಹುಡುಗನೊಬ್ಬ ಕಪಿಲೆಯ ಸ್ನಾನಘಟ್ಟದಲ್ಲಿ ಮುಳುಗಿಹೋದ. ಮುಂಗಾರಿನ ಕೆಂಪು ನೀರು. ಅವನ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ ಕೇಳಿದ ಮೊದಲ ಮಾತು, “ಈಜು ಬರ್ತಿರಲಿಲ್ವೇನಮ್ಮಾ ಅವನಿಗೆ?” ಆಕೆ ತಲೆ ಎತ್ತಿ ನನ್ನನ್ನು ನೋಡಿದರು, ಅಷ್ಟೇ. ಆ ನೋಟವನ್ನು ನಾನು ದುಃಖ ಎಂದುಕೊಂಡಿದ್ದೆ. ಅದರಲ್ಲಿ ನನ್ನ ಮೇಲಿನ ತೀರ್ಪೂ ಇತ್ತೆಂದು ಅರ್ಥವಾಗಲು ಅಟೆಂಡರ್ ಆಡಿದ ಆ ಮಾತು ಬೇಕಾಯಿತು. ಸತ್ತವರಲ್ಲಿ ಒಂದು ತಪ್ಪು ಸಿಕ್ಕಿದರೆ ನನಗೆ ನೆಮ್ಮದಿ. ಈಜು ಬರುತ್ತಿರಲಿಲ್ಲ, ಸೂಟು ಹಾಕಿರಲಿಲ್ಲ ಎಂದುಕೊಂಡರೆ ಸಾವು ಅವರದೇ ಆಗಿ ಉಳಿಯುತ್ತದೆ, ನನ್ನ ಹೊಸ್ತಿಲು ದಾಟುವುದಿಲ್ಲ. ನಿರಂಜನ್ ತಿಳಿದೂ ತಿಳಿದೂ ಹೋದರು ಎಂದು ಒಪ್ಪಿಕೊಂಡರೆ ಮಾತ್ರ ನಾನೂ ಉತ್ತರ ಕೊಡಬೇಕಾಗುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮೈಕಿನ ಮುಂದೆ ಅವರನ್ನು ದೇವರ ಪಕ್ಕ ಕೂರಿಸಿದೆ, ಸ್ಟಾಫ್ ರೂಮಿನಲ್ಲಿ ಅಜಾಗರೂಕ ಮನುಷ್ಯನನ್ನಾಗಿ ಮಾಡಿದೆ. ಎರಡೂ ಕಡೆ ಅವರು ನನ್ನಿಂದ ದೂರವೇ ಇದ್ದರು.

ಅದೇ 2016ರ ಫೆಬ್ರವರಿಯಲ್ಲಿ ಟಿ. ನರಸೀಪುರದಲ್ಲಿ ಕುಂಭಮೇಳ. ನಮ್ಮೂರ ಕಪಿಲೆ ಅಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಸಂಗಮ ಎನ್ನುತ್ತಾರೆ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಕಡೆಯಿಂದ ಇಳಿದು ಬರುತ್ತಿದ್ದೆ. ದಡದಲ್ಲಿ ವಾರಸುದಾರರಿಲ್ಲದ ಒಂದು ಬ್ಯಾಗು. ಪೊಲೀಸರು ಹಗ್ಗ ಹಿಡಿದು ಜನರನ್ನು ಹಿಂದಕ್ಕೆ ಸರಿಸಿದರು. ಯಾರೂ ನನ್ನನ್ನು ತಳ್ಳಬೇಕಾಗಲಿಲ್ಲ. ಮನಸ್ಸು ಯೋಚಿಸುವ ಮೊದಲೇ ಕಾಲು ಹಿಂದೆ ಸರಿದಿತ್ತು. ನಾವೆಲ್ಲ ಹಿಂದಕ್ಕೆ ಬರುತ್ತಿದ್ದಾಗ ಬಾಂಬ್ ಪತ್ತೆ ದಳದ ಒಬ್ಬ ಹುಡುಗ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು, ಮುಂದಕ್ಕೆ ನಡೆದ. ನಾಯಿ ಮೂಸಿ ಹಿಂದಿರುಗಿತು. ಅವನು ಮಂಡಿಯೂರಿ, ಉಸಿರು ಹಿಡಿದವನಂತೆ ಕೂತು, ಜಿಪ್ ಎಳೆದ. ಒಳಗೆ ಒದ್ದೆ ಸೀರೆ, ಅರ್ಧ ಹೋಳು ತೆಂಗಿನಕಾಯಿ. ಜನ ನಕ್ಕರು. ಅವನು ನಗಲಿಲ್ಲ, ಎದ್ದು ಮಂಡಿಯ ಮರಳು ಕೊಡವಿಕೊಂಡು ಬೇರೆ ಕಡೆ ಹೋದ. ತೆಂಗಿನ ಹೋಳು ಇದ್ದದ್ದರಿಂದ ಅವನ ಆ ನಡಿಗೆ ಕಮ್ಮಿಯಾಯಿತೇ? ಮುಟ್ಟುವ ಕ್ಷಣದಲ್ಲಿ ಅವನಿಗೆ ಅದು ಸೀರೆ ಎಂದು ಗೊತ್ತಿರಲಿಲ್ಲ.

ಅಟೆಂಡರ್ ಬಳಿ ಕ್ಷಮೆ ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಅವರ ನಿವೃತ್ತಿಯ ದಿನ ಕೇಳಿದೆ. “ಅಂಥದ್ದೇನಂದ್ರಿ ಸಾ” ಎಂದರು. ನೆನಪಿದ್ದೂ ಹಾಗೆ ಅಂದರೆಂದು ನನ್ನ ಊಹೆ.

ಆಮೇಲೆ ಕೆಲಸದಲ್ಲಿದ್ದಷ್ಟು ವರ್ಷವೂ ಜನವರಿ ಮೊದಲ ವಾರ ಹತ್ತನೇ ತರಗತಿಗೆ ಒಂದು ಪೀರಿಯಡ್ಡು ಇದಕ್ಕೇ ಮೀಸಲಿಟ್ಟೆ. ಭಾಷಣ ಮಾಡಲಿಲ್ಲ. ಬೋರ್ಡಿನ ಮೇಲೆ ಸನ್ನೆ, ಸ್ಪ್ರಿಂಗು, ಪಿನ್ನು ಬರೆದು ಅದು ಹೇಗೆ ಸಿಡಿಯುತ್ತದೆಂದು ಹೇಳುತ್ತಿದ್ದೆ. ಆಮೇಲೆ, ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿದ್ದ ಒಬ್ಬರು ದೇಹವೊಂದರ ಪಕ್ಕ ಬಾಗಿದರು ಎಂದು ಹೇಳಿ ಹೆಸರು ಬರೆಯುತ್ತಿದ್ದೆ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಅವರು ಹೋದ ಮೇಲೆ ಮಿಕ್ಕ ಹೆಣಗಳು?” ಕಾರ್ಯಾಚರಣೆ 5ನೇ ತಾರೀಖಿನವರೆಗೂ ನಡೆಯಿತು, ಆಮೇಲೂ ವಾಯುನೆಲೆಯ ಮೂಲೆ ಮೂಲೆ ಶೋಧಿಸಿದರು, ಮಿಕ್ಕ ದೇಹಗಳ ಬಳಿಗೂ ಅದೇ ದಳದವರು ಹೋಗಲೇಬೇಕಿತ್ತಮ್ಮ ಎಂದೆ.

“ಹಿಂದಿನ ದಿನ ಹಾಗಾಗಿದ್ದೂ?”

“ಹೌದಮ್ಮ. ಅದನ್ನು ನೋಡಿದವರೇ.”