ಪಾಳಿ ನಿಂತು ತಿನ್ನುವ ದೋಸೆ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಸೀಮೆಯವರಿಗೆ ದೋಸೆಯೆಂದರೆ ದಾವಣಗೆರೆಯ ಬೆಣ್ಣೆದೋಸೆ. ಮೇಲೆ ಬೆಣ್ಣೆ ಕರಗುತ್ತಿರಬೇಕು, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಕಾಯಿಚಟ್ನಿ. ಈ ರುಚಿಯನ್ನು ನಾಲಿಗೆಯಲ್ಲಿಟ್ಟುಕೊಂಡೇ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬೆಂಗಳೂರಿಗೆ ಬಂದವರು, ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದರೆ ಮೊದಲು ಕಾಣುವುದು ದೋಸೆಯಲ್ಲ, ಬಾಗಿಲ ಮುಂದಿನ ಜನ. ಹೆಸರು ಬರೆಸಿ ಕಾಯಬೇಕು. ‘ತಿಂಡಿಗೂ ಪಾಳಿಯೇ?’ ಎಂದು ತಂದೆ ಗೊಣಗಿದರೆ, ಮಕ್ಕಳಿಗೆ ಕಾಯುವುದೂ ಮೋಜೇ.

1943ರಲ್ಲಿ ವೆಂಕಟರಮಣ ಉರಾಳರು ಆರಂಭಿಸಿದ ಈ ಹೋಟೆಲು 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಆಗಿನ ಗಿರಾಕಿಗಳು ಸುತ್ತಲಿನ ವಿದ್ಯಾರ್ಥಿಗಳು; ಹೆಸರೂ ಅದರಿಂದಲೇ. ಈಗ ವಿದೇಶದವರೂ ಕಾಯುತ್ತಾರೆ. ಒಳಗೆ ಗೋಡೆಯ ಮೇಲೆ ಕನ್ನಡದ ಗಣ್ಯರ ರೇಖಾಚಿತ್ರಗಳು. ಪಂಚೆಯುಟ್ಟ ಮಾಣಿ ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡುವುದಕ್ಕಾದರೂ ಒಮ್ಮೆ ಹೋಗಬೇಕು!

ದೋಸೆ ದಪ್ಪ, ಕೆಂಪು, ಹೊರಗೆ ಗರಿಗರಿ, ಒಳಗೆ ಮೆದು. ಚಟ್ನಿ ನೀರು ನೀರು. ಸಾಂಬಾರು ಕೊಡುವುದಿಲ್ಲ. ಇದು ಕೆಲವರಿಗೆ ದೊಡ್ಡ ದೂರು. ದಾವಣಗೆರೆ ಕಡೆಯವರಿಗೆ ಮಾತ್ರ ಕೊರತೆಯೆನಿಸದು, ಬೆಣ್ಣೆದೋಸೆಗೂ ಸಾಂಬಾರಿಲ್ಲವಲ್ಲ! ಅವರ ತಕರಾರು ಬೇರೆ. ‘ತುಪ್ಪ ಜಾಸ್ತಿ, ನಮ್ಮ ಬೆಣ್ಣೆಯ ಘಮವಿಲ್ಲ’ ಎನ್ನುತ್ತಾರೆ. ಹಿಂದೆ ಕಾಯುತ್ತಿರುವವರ ಕಣ್ಣು ತಟ್ಟೆಯ ಮೇಲೇ ಇರುವಾಗ ನಿಧಾನವಾಗಿ ತಿನ್ನುವುದಾದರೂ ಹೇಗೆ?

ಬಿಲ್ಲು ನೋಡಿ ತಂದೆ ಊರಿನ ಲೆಕ್ಕ ಹಾಕುತ್ತಾನೆ. ತಾಯಿ ಮಾತ್ರ ತನ್ನ ತಟ್ಟೆಯ ಅರ್ಧ ದೋಸೆಯನ್ನು ಮಗನ ಕಡೆ ಸರಿಸುತ್ತಾಳೆ. ‘ಹಾಸ್ಟೆಲ್ ಊಟ ಸೇರದಿದ್ದರೆ ಇಲ್ಲಿಗೆ ಬಂದು ತಿನ್ನು, ತಮ್ಮಾ. ದುಡ್ಡಿಗೆ ನೋಡಬೇಡ.’