ಬೀದಿಯ ಅಂಚು

ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಕಾಲಕ್ರಮದಲ್ಲಿ ಹೈದರನ ಹೆಸರು ಬಿದ್ದುಹೋಗಿ ಬರಿಯ 'ನಗರ' ಉಳಿಯಿತು. ಕೆಳದಿಯ ಅರಸರ ಆ ರಾಜಧಾನಿಯು ಇಂದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರು. ಅಲ್ಲಿ ಗಾಡಿ ನಿಲ್ಲಿಸುವ ಸ್ಥಳಕ್ಕಾಗಿ ಯಾರಾದರೂ ಜಗಳವಾಡಿದುದನ್ನು ನಾವು ಕೇಳಿಲ್ಲ. ಹೆಸರು ಅಲ್ಲಿದ್ದರೂ ನಗರದ ಕಷ್ಟಗಳೆಲ್ಲ ನಮ್ಮ ಸಾಗರದ ಪೇಟೆಗೆ ಬಂದು ಸೇರಿರುವುವು.

ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಿಂದ ಕವಲೊಡೆದ ನಮ್ಮ ಬೀದಿಯು ಅಗಲವಾದುದಲ್ಲ. ಒಂದು ಬದಿಗೆ ಅಂಗಡಿಗಳು, ಇನ್ನೊಂದು ಬದಿಗೆ ಮನೆಗಳು, ತುದಿಯಲ್ಲಿ ಪ್ರೌಢಶಾಲೆ. ಎರಡು ಅಂಚಿನಲ್ಲಿಯೂ ಸಾಲಾಗಿ ಕಾರುಗಳು. ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಶಾಲೆಯ ಮಕ್ಕಳ ತಂದೆತಾಯಿಗಳು, ಒಂದೊಂದು ಅಂಚಿನಲ್ಲಿ ಎರಡು ಮೀಟರಿನಷ್ಟು ದಾರಿಯನ್ನು ಬೈಸಿಕಲ್ಲಿಗೆಂದೇ ಗೆರೆಯೆಳೆದು ಬಿಡಿಸಿಕೊಡಬೇಕೆಂದು ನಗರಸಭೆಗೆ ಅರ್ಜಿ ಬರೆಯಹೊರಟರು. ಅರ್ಜಿಗೆ ಮೊದಲು ಬೀದಿಯವರ ಸಮ್ಮತಿ ಬೇಕಷ್ಟೆ? ಒಂದು ಭಾನುವಾರ ಸಂಜೆ ದೇವಸ್ಥಾನದ ಜಗಲಿಯಲ್ಲಿ ಎಲ್ಲರೂ ಕೂಡಿದೆವು.

ಮೊದಲು ಎದ್ದವನು ದಿನಸಿ ಅಂಗಡಿಯವನು. ನಮ್ಮಲ್ಲಿಯೇ ಓದಿದ ಹುಡುಗ. "ಮೇಷ್ಟ್ರೇ, ಹಳ್ಳಿಯಿಂದ ಬಂದವರು ಅಕ್ಕಿಯ ಚೀಲ ಹೊತ್ತುಕೊಂಡು ಎಲ್ಲಿಯ ತನಕ ನಡೆದಾರು? ಮೊದಲೇ ಅರ್ಧ ಜನ ಮೊಬೈಲು ಒತ್ತಿ ಮನೆಗೇ ತರಿಸಿಕೊಳ್ಳುತ್ತಾರೆ. ಉಳಿದ ಗಿರಾಕಿಯ ಕಾರನ್ನೂ ಓಡಿಸಿದರೆ ನಾನು ಬ್ಯಾಂಕಿನ ಕಂತು ಕಟ್ಟುವುದು ಹೇಗೆ?" ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆ ಬಳಿಕ ಒಬ್ಬ ತಾಯಿ ಎದ್ದರು. "ನನ್ನ ಮಗಳು ನಿಂತ ಕಾರನ್ನು ಬಳಸಿಕೊಂಡು ನಡುರಸ್ತೆಗೇ ಬರಬೇಕು. ಹಿಂದಿನಿಂದ ಬಸ್ಸು ಬರುತ್ತಿರುತ್ತದೆ. ಅವಳು ಎಲ್ಲಿ ಹೋಗಬೇಕು, ನೀವೇ ಹೇಳಿ." ಇಷ್ಟು ಹೇಳಿ ಕುಳಿತರು.

ನಾವು ಹಿರಿಯರೆಂದು ನಮ್ಮನ್ನು ಮಾತನಾಡಿಸಿದರು. ವ್ಯಾಪಾರವು ಊರಿನ ಜೀವವೆಂದೂ, ಆತುರಪಡಬಾರದೆಂದೂ ನಾವು ಕಾಲು ಗಂಟೆ ಉಪನ್ಯಾಸ ಮಾಡಿದೆವು. ನಿಜವನ್ನು ಇಲ್ಲಿ ವಾಚಕರ ಮುಂದೆ ಒಪ್ಪಿಕೊಳ್ಳುತ್ತೇವೆ: ನಮ್ಮ ತಂದೆಯವರು ಮನೆ ಕಟ್ಟಿಸಿದಾಗ ಕಾರಿನ ಯೋಚನೆಯಿರಲಿಲ್ಲ. ನಮ್ಮ ಕಾರು ಹನ್ನೆರಡು ವರ್ಷದಿಂದ ಬೀದಿಯಲ್ಲಿಯೇ ಮಲಗಿತ್ತು. ಅಂದು ಯಾವ ತೀರ್ಮಾನವೂ ಆಗಲಿಲ್ಲ.

ನಮಗೆ ಧೈರ್ಯ ಕೊಟ್ಟುದು ಬೆಂಗಳೂರಿನ ಉದಾಹರಣೆ. ಅಲ್ಲಿನ ಜಯನಗರದಲ್ಲಿ 2012ರ ಸುಮಾರಿಗೆ ಬೈಸಿಕಲ್ಲಿನ ಪಥಗಳನ್ನು ಗುರುತಿಸಿದರು. ಕೆಲವು ಕಾಲದಲ್ಲಿಯೇ ಅವುಗಳ ಮೇಲೆ ಕಾರುಗಳೂ ಸ್ಕೂಟರುಗಳೂ ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಇನ್ನೊಂದು ಪಥವನ್ನು ಮಾಡಿದರು. ಆ ಕಂಬಗಳಲ್ಲಿಯೂ ಹಲವು ಮುರಿದವು. ಜಯನಗರದಲ್ಲಿರುವ ನಮ್ಮ ಸೋದರಳಿಯನನ್ನು ಕೇಳಿದರೆ, "ಎಲ್ಲರೂ ನಿಲ್ಲಿಸುತ್ತಾರೆ ಮಾವ, ನಾನೊಬ್ಬ ಬಿಟ್ಟರೆ ಸೈಕಲ್ಲು ಬಂದೀತೆ?" ಎಂದನು. ಈ ಉತ್ತರವು ನಮಗೆ ಆಗ ಬಹಳ ಸಮಂಜಸವಾಗಿ ತೋರಿತು.

ಸಭೆಯಾಗಿ ಮೂರು ವಾರ ಕಳೆದಿರಬಹುದು. ಮಳೆ ಹಿಡಿದಿತ್ತು. ಬೆಳಿಗ್ಗೆ ಪೇಟೆಯಿಂದ ಬಂದು ಮನೆಯ ಮುಂದೆ ಕಾರು ನಿಲ್ಲಿಸಿ, ಒಂದು ಕೈಯಲ್ಲಿ ಕೊಡೆಯನ್ನು ಹುಡುಕುತ್ತ ಇನ್ನೊಂದರಿಂದ ಬಾಗಿಲನ್ನು ತಳ್ಳಿದೆವು. ದಡಾರನೆ ಸದ್ದಾಯಿತು. ಶಾಲೆಗೆ ಹೊರಟಿದ್ದ ಹುಡುಗಿಯೊಬ್ಬಳು ಬಾಗಿಲಿಗೆ ತಗುಲಿ ರಸ್ತೆಯ ಕಡೆಗೇ ಬಿದ್ದಳು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನು ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಆ ಒಂದು ಮಾರು ನಮಗೆ ಈಗಲೂ ರಾತ್ರಿ ನೆನಪಾಗುವುದುಂಟು. ಮೊಣಕೈ ತರಚಿತ್ತು, ಮುಂದಿನ ಚಕ್ರ ಸೊಟ್ಟಗಾಗಿತ್ತು. ಪುಸ್ತಕಗಳು ನೀರಿನಲ್ಲಿ. ಹುಡುಗಿ ಎದ್ದು ನಿಂತು, ನಡುಗುತ್ತ, "ತಪ್ಪಾಯ್ತು ಮೇಷ್ಟ್ರೇ, ನಾನು ಬೆಲ್ ಮಾಡಲಿಲ್ಲ" ಎಂದಳು.

ಅವಳು ಸಭೆಯಲ್ಲಿ ಮಾತನಾಡಿದ ಆ ತಾಯಿಯ ಮಗಳು. ನಮ್ಮ ಮನೆಯವರು ಗಾಯ ತೊಳೆದು, ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಸಂಜೆ ನಾವು ಅವರ ಮನೆಗೆ ಹೋದೆವು. ಬೈಯುವರೆಂದು ಎದುರುನೋಡಿದ್ದೆವು. ಆಕೆ ಕಾಫಿ ತಂದಿಟ್ಟರು, ಏನೂ ಅನ್ನಲಿಲ್ಲ.

2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಕೊಡತೊಡಗಿದಾಗ ನಾವು ಶಾಲೆಯಲ್ಲಿದ್ದೆವು. ದೂರವೆಂದು ಓದು ಬಿಡಬೇಕಾಗಿದ್ದ ಹುಡುಗಿಯರು ಸಾಲಾಗಿ ಗುಡ್ಡ ಹತ್ತಿ ಬರುವುದನ್ನು ಕಂಡು ಹಿಗ್ಗಿದ್ದೆವು. ಬೈಸಿಕಲ್ಲು ಕೊಟ್ಟರೆ ಸಾಲದು, ಅದು ಉರುಳಲು ನೆಲವೂ ಬೇಕೆಂಬುದು ಅಂದು ನಮ್ಮ ತಲೆಗೆ ಹೊಳೆದಿರಲಿಲ್ಲ.

ಬಳಿಕ ಕೆಲವು ಪುಸ್ತಕಗಳನ್ನು ತಿರುವಿದೆವು. ಹಾಲೆಂಡಿನಲ್ಲಿ 1971ರ ಒಂದೇ ವರ್ಷ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು. ಇಂದು ನಾವು ಹೊಗಳುವ ಅಲ್ಲಿನ ಬೈಸಿಕಲ್ಲಿನ ದಾರಿಗಳಿಗೆ ಆ ಚಳವಳಿಯೂ ಒಂದು ಕಾರಣ. ಅವರಲ್ಲಿ ಇನ್ನೊಂದು ಅಭ್ಯಾಸವುಂಟು, ಗೃಹಸ್ಥರೆಲ್ಲರೂ ಕಲಿಯಬಹುದಾದುದು: ಕಾರಿನ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆಗೆಯದೆ ಆಚೆಯ ಕೈಯಿಂದ ತೆಗೆಯುವುದು. ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕೂರುವುದರಿಂದ ಎಡಗೈಯನ್ನು ಚಾಚಬೇಕು. ಆಗ ಮೈ ತಾನಾಗಿ ತಿರುಗಿ, ಕಣ್ಣು ಹಿಂದಕ್ಕೆ ಹೋಗುವುದು. ನಾವು ಅರುವತ್ತು ದಾಟಿದ ಮೇಲೆ ಇದನ್ನು ಕಲಿತೆವು.

ಎರಡನೆಯ ಸಭೆಯಲ್ಲಿ ನಾವು ಹಿಂದಿನ ಉಪನ್ಯಾಸವನ್ನು ಹಿಂದಕ್ಕೆ ತೆಗೆದುಕೊಂಡೆವು. ಅಡ್ಡಿಯಾಗುವಂತೆ ವಾಹನ ನಿಲ್ಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 122ನೆಯ ಪ್ರಕರಣದಲ್ಲಿಯೇ ಇದೆಯೆಂದು ಓದಿ ಹೇಳಿದೆವು. ಅಂಗಡಿಯವನು ನಕ್ಕು, "ಈಗ ಹೇಳ್ತೀರಾ ಮೇಷ್ಟ್ರೇ!" ಎಂದನು. ಆದರೂ, ಶಾಲೆ ಸೇರುವ ಮತ್ತು ಬಿಡುವ ಒಂದೊಂದು ಗಂಟೆ ಅಂಚನ್ನು ಖಾಲಿ ಬಿಡಲು ತನ್ನ ಅಡ್ಡಿಯಿಲ್ಲವೆಂದನು. ಆ ತಾಯಿಗೆ ಇದು ಸಾಲದೆನಿಸಿತು. ನಮಗೂ ಸಾಲದೆನಿಸಿತು. ಆದರೂ ಅಷ್ಟಕ್ಕೇ ಎಲ್ಲರೂ ಸಹಿ ಹಾಕಿದರು.

ಅರ್ಜಿಯು ನಗರಸಭೆಯಲ್ಲಿದೆ. ನಮ್ಮ ಕಾರು ಈಗ ಪರಿಚಯದವರೊಬ್ಬರ ಅಡಿಕೆಯ ಅಂಗಳದಲ್ಲಿ ತಿಂಗಳಿಗೆ ಐನೂರು ರೂಪಾಯಿ ಬಾಡಿಗೆಯ ಮೇಲೆ ನಿಲ್ಲುತ್ತದೆ. ನಾವು ತೆರವು ಮಾಡಿದ ಜಾಗದಲ್ಲಿ ಮರುದಿನವೇ ಯಾರದೋ ಜೀಪು ಬಂದು ನಿಂತಿತು. ಆ ಹುಡುಗಿ ಅದನ್ನು ಬಳಸಿಕೊಂಡು ಹೋಗುವಾಗ, ಒಳಗೆ ಯಾರೂ ಇಲ್ಲದಿದ್ದರೂ, ಬೆಲ್ಲನ್ನು ಬಾರಿಸುತ್ತಲೇ ಹೋಗುತ್ತಾಳೆ.